ಮಾವನ ಕೊರ್ರ್ ಡಬ್ಬಿ

ನಮ್ಮ ಸೋದರಮಾವನ ಮೇಲೆ ಅನುಮಾನ ಪಡದ ಜೀವ ಇಡೀ ಹೊನ್ನಾಳಿಯಲ್ಲಿ ಒಂದೇ ಇತ್ತು. ಅದು ಅವರ ಮನೆಯ ಎಮ್ಮೆ. ಉಳಿದವರೆಲ್ಲ, ನನ್ನನ್ನೂ ಸೇರಿಸಿ, ಒಂದಲ್ಲ ಒಂದು ಕಾರಣಕ್ಕೆ ಅವರ ಮೇಲೆ ಕಣ್ಣಿಟ್ಟಿದ್ದೆವು. ಎಂಬತ್ತರ ದಶಕದ ಕೊನೆ ಅದು. ನಾನು ಅಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿ, ಮಾವನ ಮನೆಯಲ್ಲೇ ಬಿಡಾರ ಹೂಡಿದ್ದೆ.

ಮಾವನಿಗೆ ಹ್ಯಾಮ್ ರೇಡಿಯೊದ ಹುಚ್ಚು. ಸರ್ಕಾರದ ಲೈಸೆನ್ಸ್ ಪಡೆದು, ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನೆಟ್ಟು, ದಿನಾ ಸಂಜೆ ನ್ಯಾಮತಿಯ ಗೆಳೆಯರೊಬ್ಬರ ಜೊತೆ ಹರಟುತ್ತಿದ್ದರು. ಬಸ್ಸು ಹತ್ತಿದರೆ ಮುಖ ನೋಡಿಕೊಂಡೇ ಮಾತಾಡಬಹುದಾದಷ್ಟು ಹತ್ತಿರದ ಊರು. ಆದರೂ ಗಾಳಿಯಲ್ಲಿ ಬಂದ ಮಾತಿನ ರುಚಿಯೇ ಬೇರೆಯಂತೆ! ಮಾತಾದರೂ ಏನು? ಅಲ್ಲಿ ಮಳೆ ಬಂತಾ, ಇಲ್ಲಿ ಕರೆಂಟು ಹೋಯ್ತಾ. ಅದನ್ನೇ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು.

ಒಂದು ಮಳೆಗಾಲದಲ್ಲಿ ಆ ಹರಟೆ ನಿಂತುಹೋಯಿತು. ಅದರ ಬದಲು ಕೋಣೆಯಿಂದ ಕೊರ್ರ್, ಕಿರ್ರ್ ಎಂಬ ಸದ್ದು ಶುರುವಾಯಿತು, ಬಾಣಲೆಯಲ್ಲಿ ಜೀರುಂಡೆ ಹುರಿದಂತೆ. ಮಾವ ಎಲ್ಲಿಂದಲೋ ಹಳೆಯ ಪುಟ್ಟ ಕಂಪ್ಯೂಟರ್ ತಂದು ಅತ್ತೆಯ ಟಿವಿಗೆ ಸಿಕ್ಕಿಸಿದ್ದರು. ಅದಕ್ಕೂ ರೇಡಿಯೊಕ್ಕೂ ನಡುವೆ ಮೋಡೆಮ್ ಎಂಬ ಡಬ್ಬಿ. ಇಲ್ಲಿ ಒತ್ತಿದ ಅಕ್ಷರವನ್ನು ಡಬ್ಬಿ ಸದ್ದಾಗಿಸುತ್ತದೆ, ರೇಡಿಯೊ ಆ ಸದ್ದನ್ನು ಕಳಿಸುತ್ತದೆ, ಆ ಕಡೆಯ ಡಬ್ಬಿ ಅದನ್ನು ಮತ್ತೆ ಅಕ್ಷರ ಮಾಡುತ್ತದೆ. ಸದ್ದು ಮಾತ್ರ ಹದವಾಗಿರಬೇಕು. ಹೆಚ್ಚಾದರೆ ಒಡೆಯುತ್ತದೆ, ಕಡಿಮೆಯಾದರೆ ಗೊರಗೊರದಲ್ಲಿ ಕರಗಿಹೋಗುತ್ತದೆ. ಮಾವ ಉಸಿರು ಬಿಗಿಹಿಡಿದು, ಡಬ್ಬಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಮೈಕಿಗೆ ಪಿಸುಗುಟ್ಟುವರು: "ಈಗ ಹೆಂಗೈತೆ?"

ಆ ಕಡೆಯಿಂದ ಮಾತಿಲ್ಲ. ಬರೀ ಟಿಕ್, ಇಲ್ಲವೇ ಟಿಕ್ ಟಿಕ್. ಒಂದು ಟಿಕ್ ಎಂದರೆ ಕಡಿಮೆ, ಎರಡಾದರೆ ಜಾಸ್ತಿ ಎಂದಷ್ಟೇ ಮಾವ ಹೇಳಿದ್ದು. ಯಾರ ಟಿಕ್ ಎಂಬುದನ್ನು ಹೇಳಲಿಲ್ಲ.

ಎದುರುಮನೆಯ ನಿವೃತ್ತ ಗುಮಾಸ್ತರು ಇದು ಪಕ್ಕಾ ಗೂಢಚಾರಿಕೆ ಎಂದು ತೀರ್ಮಾನಿಸಿದರು. ಪರದೇಶದವರಿಗೆ ಹೊನ್ನಾಳಿಯ ಯಾವ ಗುಟ್ಟು ಬೇಕಿತ್ತೋ! ಭತ್ತದ ನಾಟಿ ಎಲ್ಲಿಗೆ ಬಂತು ಎಂಬುದೇ? ಅವರ ದೂರಿನ ಮೇಲೆ ಪೊಲೀಸ್ ಪೇದೆಯೊಬ್ಬ ಬಂದು ಲೈಸೆನ್ಸ್ ನೋಡಿದ. ಆ ಕಡೆ ಇರುವವರು ಯಾಕೆ ಮಾತಾಡುವುದಿಲ್ಲ ಎಂದು ಕೇಳಿದ. ಮಾವ ಟೀ ಕೊಡಿಸಿದರು, ಉತ್ತರ ಕೊಡಲಿಲ್ಲ. ಪೇದೆ ಟೀ ಕುಡಿದು, ಅನುಮಾನವನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಹೋದ.

ಅತ್ತೆಯ ಅನುಮಾನವೇ ಬೇರೆ. ಭಾನುವಾರ ಬಂತೆಂದರೆ ಮಾವ ಏನನ್ನೋ ಟವೆಲಿನಲ್ಲಿ ಸುತ್ತಿಕೊಂಡು ನ್ಯಾಮತಿ ಬಸ್ಸು ಹತ್ತುವರು. ಗೆಳೆಯರ ಸುದ್ದಿ ಕೇಳಿದರೆ, ಅವನು ಜಗಳೂರಿನ ತಂಗಿ ಮನೆಯಲ್ಲಿದ್ದಾನೆ ಎನ್ನುವರು. ಗೆಳೆಯರು ಜಗಳೂರಿನಲ್ಲಿದ್ದರೆ ನ್ಯಾಮತಿಯಲ್ಲಿ ಇರುವುದು ಯಾರು? ಅತ್ತೆಗೆ ಆ ಟಿಕ್ ಟಿಕ್ ಬಳೆಯ ಸದ್ದಿನಂತೆ ಕೇಳತೊಡಗಿತು. ನನಗೂ ಹಾಗೇ ಅನ್ನಿಸುತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಒಂದು ಸಂಜೆ ಅತ್ತೆ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. ಹಿಂದೆ ಬಟ್ಟೆ ತುಂಬಿದ ಟ್ರಂಕು.

"ಯಾರ್ರೀ ಅವಳು? ಇವತ್ತು ಹೇಳಿಬಿಡ್ರಿ. ಇಲ್ಲಾಂದ್ರೆ ನಾನು ತವರಿಗೆ ಹೊಂಟೆ."

ಮಾವ ಬಾಯಿ ತೆರೆಯುವಷ್ಟರಲ್ಲಿ ಡಬ್ಬಿ ಕೊರ್ರೆಂದಿತು. ಅಲ್ಲಿಯವರೆಗೆ ಕಲಸುಮೇಲೋಗರವಾಗಿ ಬೀಳುತ್ತಿದ್ದ ಅಕ್ಷರಗಳು ಅಂದು ಟಿವಿಯಲ್ಲಿ ನೆಟ್ಟಗೆ ಸಾಲುಗಟ್ಟಿದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾನೇ ಗಟ್ಟಿಯಾಗಿ ಓದಿದೆ: "ಕೇಳ್ತಾ ಐತೇನಪ್ಪಾ? ನಾನೇ, ಮಾತಾಡ್ತಾ ಇದೀನಿ."

ಮಾವ ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲ ಹೇಳಿದರು. ನ್ಯಾಮತಿಯ ಗೆಳೆಯರಿಗೆ ಗಂಟಲಲ್ಲಿ ಗಡ್ಡೆಯಾಗಿ, ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜನ ಬಂದು ಅಯ್ಯೋ ಪಾಪ ಅನ್ನುವುದು ಬೇಡವೆಂದು ಜಗಳೂರಿನ ಸುಳ್ಳನ್ನು ಕಟ್ಟಿದವರು ಆ ಗೆಳೆಯರೇ. ತಂತಿ ಕಚೇರಿಯ ಟಕಟಕ ಭಾಷೆಯನ್ನೂ ಅವರು ಕಲಿತಿರಲಿಲ್ಲ. ರೇಡಿಯೊದ ಗುಂಡಿ ಒತ್ತಿ ಟಿಕ್ ಅನ್ನಿಸುವುದೊಂದೇ ಅವರಿಗೆ ಉಳಿದಿದ್ದ ಮಾತು. ಮತ್ತೆ ಹರಟುವಂತಾಗುವ ತನಕ ಯಾರಿಗೂ ಹೇಳಕೂಡದೆಂದು ಮಾವನಿಂದ ಆಣೆ ಹಾಕಿಸಿಕೊಂಡಿದ್ದರು. ಅವರಿಗೂ ಒಂದು ಕಂಪ್ಯೂಟರ್, ಒಂದು ಡಬ್ಬಿ ಹೊಂದಿಸಿಕೊಟ್ಟು, ವಾರವಾರವೂ ಸಲಕರಣೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ತಿರುಪು ತಿರುಗಿಸಿ ಬರುತ್ತಿದ್ದರು ಮಾವ.

ಅತ್ತೆ ಟ್ರಂಕನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಆಮೇಲೆ ಸ್ಟೂಲು ಎಳೆದುಕೊಂಡು ಮಾವನ ಪಕ್ಕ ಕೂತರು.

"ಅವರನ್ನ ಊಟಕ್ಕೆ ಬರಾಕೆ ಹೇಳ್ರಿ. ಗಂಟಲಿಗೆ ಹಿತ ಆಗಂಗೆ ಮೆತ್ತಗೆ ಅನ್ನ ಮಾಡ್ತೀನಿ ಅಂತ ಬರೀರಿ."

ಮಾವ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಕೊರ್ರ್ ಸದ್ದು ಬಂತು. ನಾನು ಏನೋ ಕೇಳಲು ಹೊರಟೆ. ಅತ್ತೆ ನನ್ನ ಕೈ ಹಿಡಿದು ತಡೆದರು.

"ಸುಮ್ನಿರಪ್ಪಾ. ಅವರು ಮಾತಾಡ್ತಾ ಅದಾರೆ."