ಕಾಕಾನ ಹಾಡು, ಕಾಕಾನ ಗಂಟಲು

ನಮ್ಮ ಕಾಕಾ ಬರೆದ ಹಾಡು ಸೇರುವುದಿಲ್ಲ ಎನ್ನುವವರು ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ. ತೊಂದರೆ ಇರುವುದು ಒಂದೇ. ಆ ಹಾಡುಗಳನ್ನು ಕಾಕಾ ತಾನೇ ಹಾಡುತ್ತಾನೆ!

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಉದ್ಯೋಗ, ಟೆಂಪೊ ಓಡಿಸುವುದು. ಬೆಳಿಗ್ಗೆ ಸವಣೂರಿನಲ್ಲಿ ವೀಳ್ಯದೆಲೆಯ ಪೆಂಡಿ ಹೇರಿಕೊಂಡು, ಶಿಗ್ಗಾಂವದಲ್ಲಿ ಒಂದಿಷ್ಟು ಇಳಿಸಿ, ಊಟದ ಹೊತ್ತಿಗೆ ಹಾನಗಲ್ಲಿನ ಮನೆಗೆ ಬರುತ್ತಾನೆ. ಉಂಡು ಹಿರೇಕೆರೂರಿಗೆ ಹೋಗುತ್ತಾನೆ. ಎಲೆ ಉಳಿದರೆ ಮಾಸೂರಿನವರೆಗೂ ಸವಾರಿ. ಅವನ ಪಕ್ಕದ ಸೀಟಿನಲ್ಲಿ ನಮಗಾರಿಗೂ ಜಾಗವಿಲ್ಲ, ಅಲ್ಲಿ ಗಿಟಾರು ಕೂತಿರುತ್ತದೆ. ಅದಕ್ಕೆ ಬೆಲ್ಟು ಬೇರೆ! ತಾನು ಹಾಕಿಕೊಳ್ಳುವುದಿಲ್ಲ. ಒಮ್ಮೆ ಪೊಲೀಸರು ಹಿಡಿದು ಇದೇನು ಕಥೆ ಎಂದು ಕೇಳಿದಾಗ, "ಸಾಹೇಬ್ರ, ಬಿದ್ರ ನನಗ ಹೊಲಿಗಿ ಹಾಕಬಹುದು, ಇದಕ್ಕ ಹಾಕಾಕ ಬರೂದಿಲ್ರಿ" ಎಂದನಂತೆ. ದಂಡ ಕಟ್ಟಿ ಬಂದ. ಗಿಟಾರಿನ ಬೆಲ್ಟು ಮಾತ್ರ ಬಿಚ್ಚಲಿಲ್ಲ.

ಆ ಗಿಟಾರನ್ನು ಹುಬ್ಬಳ್ಳಿಯಲ್ಲಿ ಕೊಂಡಾಗ ಅಂಗಡಿಯವನು ಬೆರಳಿಡುವ ಮೂರು ಬಗೆ ತೋರಿಸಿಕೊಟ್ಟಿದ್ದ. ಇವತ್ತಿಗೂ ಕಾಕಾನ ವಿದ್ಯೆ ಆ ಮೂರೇ. ಶಿಗ್ಗಾಂವದ ಒಬ್ಬ ಟೆಂಪೊ ಮೆಕ್ಯಾನಿಕ್ ಅವನ ಜೊತೆಗೆ ಹಲಗಿ ಬಾರಿಸುತ್ತಾನೆ. ಒಂದು ಕಡೆ ಗಿಟಾರು, ಒಂದು ಕಡೆ ಹಲಗಿ, ನಡುವೆ ಲಾವಣಿ ಧಾಟಿಯ ಪದ. ಇದನ್ನು ಕಾಲೇಜು ಹುಡುಗರು "ಫೋಕ್ ರಾಕ್" ಎಂದು ಕರೆದರು. ಕಾಕಾ ಎರಡು ದಿನ ವಿಚಾರ ಮಾಡಿ, "ಏನರ ಅನ್ನಲಿ ಬಿಡ, ಸಾಕು ಮಾಡು ಅಂದಿಲ್ಲಲ್ಲ" ಎಂದ.

ಸಾಕು ಮಾಡು ಎನ್ನಲು ಮನೆಯಲ್ಲಿ ನಮ್ಮ ಚಿಗವ್ವ ಇದ್ದಳಲ್ಲ! ಚಿಗವ್ವ ಎಂದರೆ ಕಾಕಾನ ಹೆಂಡತಿ. ಮೂವತ್ತು ವರ್ಷದಿಂದ ಅವಳದು ಒಂದೇ ಅಹವಾಲು. "ಬರೀರಿ, ಬ್ಯಾಡ ಅನ್ನೂದಿಲ್ಲ. ಬರದು ಯಾರಿಗಾರ ಕೊಡ್ರಿ. ಹಾಡಾಕ ಮಂದಿ ಅದಾರ."

ಅವಳ ಮಾತಿನಲ್ಲಿ ತಪ್ಪೇನಿತ್ತು? ಕಾಕಾನ ದನಿಯ ಬಗ್ಗೆ ನಾನು ಸುಳ್ಳು ಹೇಳಲಾರೆ. ಫರಸಿ ಕಲ್ಲಿನ ಮೇಲೆ ಕಬ್ಬಿಣದ ಮಂಚ ಎಳೆದ ಹಾಗಿದೆ. ಮೇಲಿನ ಸ್ವರಕ್ಕೆ ಹೋಗುವಾಗ ಒಡೆಯುತ್ತದೆ, ಕೆಳಗೆ ಬರುವಾಗ ಕೂರುತ್ತದೆ, ನಡುವೆ ಇದ್ದಾಗ ಎಲ್ಲಿದೆ ಎಂದು ತಿಳಿಯುವುದಿಲ್ಲ. ನಾನು ಸಾಲೆ ಮಾಸ್ತರಿಣಿ, ನಾಲ್ಕು ವರ್ಷ ಸಂಗೀತ ಕಲಿತವಳು. ಷಡ್ಜ ಎಲ್ಲಿರಬೇಕೆಂದು ನನಗೆ ಗೊತ್ತು. ಕಾಕಾನಿಗೂ ಗೊತ್ತಿರಬಹುದು, ಆದರೆ ಅವನು ಅಲ್ಲಿಗೆ ಹೋಗುವುದಿಲ್ಲ. ಹೀಗಾಗಿ ನಾನು ಚಿಗವ್ವನ ಪಾರ್ಟಿ.

ಎದುರು ಪಾರ್ಟಿಯೂ ಇತ್ತು. ಅದರ ಮುಖಂಡರು ಸವಣೂರಿನ ಎಲೆ ವ್ಯಾಪಾರಿ, ನಾವೆಲ್ಲ ಚಾಚಾ ಎಂದು ಕರೆಯುವ ಹಿರಿಯರು. ಕಾಕಾ ಪೆಂಡಿ ಹೇರುವುದು ಅವರ ತೋಟದಿಂದಲೇ. ಅವರ ಪ್ರಕಾರ ಹಾಡು ಸುಮಾರು, ದನಿಯೇ ಅದ್ಭುತ! ಒಮ್ಮೆ ನಾನು ತಡೆಯಲಾರದೆ ಕೇಳಿದೆ.

"ಚಾಚಾ, ಖರೇ ಹೇಳ್ರಿ. ಆ ದನಿಯೊಳಗ ನಿಮಗ ಏನ್ ಛಲೋ ಕಾಣಿಸ್ತದ?"

"ನೋಡ್ ಬೇಟಿ, ಆವಾಜ್ ಛಲೋ ಇದ್ದಾವ ಸುಳ್ಳು ಹೇಳಿದ್ರೂ ಮಂದಿ ವಾಹ್ ಅಂತಾರ. ಇವನ ಆವಾಜಿನ್ಯಾಗ ಸುಳ್ಳು ಹೇಳಾಕ ಬರೂದಿಲ್ಲ. ಹೇಳಿದ್ರ ಯಾರು ಕೇಳ್ತಾರ?"

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನಾನು ಹಾನಗಲ್ಲು ಮುಟ್ಟುವವರೆಗೂ ಯೋಚಿಸಿದೆ. ಕಾಕಾನಂತೂ ಹೊಗಳಿಕೆ ಎಂದೇ ತಿಳಿದು ಅವರಿಗಾಗಿ ಇನ್ನೊಂದು ಹಾಡು ಕಟ್ಟಿದ.

ಈ ಎರಡು ಪಾರ್ಟಿಗಳ ಜಗಳ ಬಯಲಿಗೆ ಬಿದ್ದದ್ದು ಆಡೂರಿನ ನೆಂಟರ ಮನೆಯಲ್ಲಿ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ಕಾಕಾ ಒಂದು ಜೋಗುಳ ಬರೆದಿದ್ದ. ಹಾಳೆ ಕೈಯಿಂದ ಕೈಗೆ ಹೋಯಿತು. ಓದಿದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೂಸು ತನ್ನ ಪಾಡಿಗೆ ನಿದ್ದೆ ಹೋಗಿತ್ತು. ಅಷ್ಟಕ್ಕೇ ಬಿಡಬಹುದಿತ್ತೋ ಇಲ್ಲವೋ? ಕಾಕಾ ಗಿಟಾರು ತೆಗೆದು ಮೊದಲ ಸಾಲು ಎತ್ತಿದ. ಕೂಸು ಕಿಟಾರನೆ ಕಿರುಚಿದ್ದು ಹಾಲು ಕುಡಿಸಿದರೂ ನಿಲ್ಲಲಿಲ್ಲ, ಅಂಗಳಕ್ಕೆ ಒಯ್ದರೂ ನಿಲ್ಲಲಿಲ್ಲ. ಕೊನೆಗೆ ಕೂಸಿನ ಅಜ್ಜಿ ಕಾಕಾನ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಹೇಳಿದಳು. "ಪದಾ ಭಾಳ ಛಲೋ ಆಗೇತ್ರಿ. ಹಾಳಿ ಜ್ವಾಕಿಲೆ ಇಟ್ಟಿರ್ತೇವಿ. ಕೂಸಿಗಿ ಓದಾಕ ಬಂದ ಮ್ಯಾಲೆ ಕೊಡ್ತೇವಿ."

ಇಂಥ ಕಾಕಾನ ಒಂದು ಹಾಡು ಹೋದ ವರ್ಷ ನಾಲ್ಕೂ ತಾಲೂಕಿಗೆ ಹಬ್ಬಿಬಿಟ್ಟಿತು. ಶಿಗ್ಗಾಂವದ ಮೆಕ್ಯಾನಿಕ್ ಮೊಬೈಲಿನಲ್ಲಿ ಹಿಡಿದು ಹಾಕಿದ ವಿಡಿಯೊ ಅದು. ಮುಖ್ಯವಾದ ಎರಡು ಸಾಲು ಹೀಗಿವೆ.

ಎಲಿಬಳ್ಳಿ ತ್ವಾಟದ ನೆಳ್ಳ ಪೆಂಡಿ ಕಟ್ಟಿ ತಂದೇನಿ,
ಜ್ವಾಕಿಲೆ ಬಿಚ್ಚ ಗೆಳತಿ, ಬಿಸಲು ನೋಡೀತು.

ತೋಟದ ನೆರಳನ್ನೇ ಪೆಂಡಿ ಕಟ್ಟಿ ತರುವುದು ಅಂದರೆ! ಇದನ್ನು ಕೇಳಿದಾಗ ನನಗೆ ಹೊಟ್ಟೆಕಿಚ್ಚಾದದ್ದು ನಿಜ. ಆದರೆ ವಿಡಿಯೊದಲ್ಲಿ ಇನ್ನೊಂದು ಸಂಗತಿ ಇತ್ತು. "ತಂದೇನಿ" ಎಂದ ಮೇಲೆ ಕಾಕಾ ಒಮ್ಮೆ ಕೆಮ್ಮುತ್ತಾನೆ. ಗಂಟಲು ಸರಿ ಮಾಡಿಕೊಳ್ಳುವ ಸಣ್ಣ ಕೆಮ್ಮು. ಆಮೇಲೆ "ಜ್ವಾಕಿಲೆ" ಎಂದು ಎತ್ತಿಕೊಳ್ಳುತ್ತಾನೆ.

ಜನ ಹಾಡನ್ನು ಕಲಿತರು, ಕೆಮ್ಮಿನ ಸಮೇತ ಕಲಿತರು! ನನ್ನ ಸಾಲೆಯ ಮಕ್ಕಳು ಮಧ್ಯಾಹ್ನದ ಊಟದ ಸಾಲಿನಲ್ಲಿ ನಿಂತು "ತಂದೇನಿ" ಎಂದು ಎಲ್ಲರೂ ಕೂಡಿ ಕೆಮ್ಮುತ್ತಿದ್ದರು. ಮದುವೆ ಮನೆಯ ಬ್ಯಾಂಡಿನವರು ಆ ಜಾಗದಲ್ಲಿ ವಾದ್ಯ ನಿಲ್ಲಿಸಿ ಕೆಮ್ಮಿ ಮುಂದುವರಿದರು. ನಮ್ಮ ಓಣಿಯ ನಿವೃತ್ತ ಕನ್ನಡ ಮಾಸ್ತರರು ಕಟ್ಟೆಯ ಮೇಲೆ ಕೂತು ಅರ್ಥ ಬಿಡಿಸಿದರು. ಪ್ರೀತಿಯ ಮಾತು ಆಡುವ ಮುನ್ನ ಗಂಡಸಿಗೆ ಆಗುವ ಸಂಕೋಚವನ್ನು ಕವಿ ಆ ಕೆಮ್ಮಿನಲ್ಲಿ ತಂದಿದ್ದಾನಂತೆ. ಕಾಕಾ ಬಾಯಿ ತೆರೆದು ಕೇಳಿ, "ಹೌದೇನ್ರಿ?" ಎಂದ.

ಹಾಡು ಸರಿಯಾದ ಕಂಠಕ್ಕೆ ಸೇರಲಿ ಎಂದು ಚಿಗವ್ವನೂ ನಾನೂ ಸೇರಿ ಒಂದು ಉಪಾಯ ಮಾಡಿದೆವು. ಹಿರೇಕೆರೂರಿನ ಒಂದು ಕಾರ್ಯಕ್ರಮದಲ್ಲಿ ನಾನೇ ಅದನ್ನು ಹಾಡಿದೆ. ಹಾರ್ಮೋನಿಯಂ, ತಬಲಾ, ಎಲ್ಲವೂ ಶ್ರುತಿಶುದ್ಧ. ಮುಗಿಸಿ ಇಳಿದಾಗ ಒಬ್ಬ ಮುದುಕಿ ನನ್ನ ಕೈ ಹಿಡಿದು, "ಛಲೋ ಹಾಡಿದಿ ನನ್ನವ್ವ. ಆದ್ರ ನಡುವ ಕೆಮ್ಮು ಮರತಿ ನೋಡು" ಎಂದಳು.

ನಕ್ಕು ನಕ್ಕು ಸಾಕಾಯಿತು. ಮನೆಗೆ ಬಂದು ಹೇಳಿದಾಗ ಚಿಗವ್ವನೂ ನಕ್ಕಳು, ಕಾಕಾನೂ ನಕ್ಕ. ನಗುವಾಗಲೂ ಕೆಮ್ಮಿದ. ಅದು ನಮಗೆ ಕೇಳಿಸಲೇ ಇಲ್ಲ.

ಕೇಳಿಸಿದ್ದು ಚಾಚಾ ಒಬ್ಬರಿಗೇ. ಒಂದು ಮುಂಜಾನೆ ಪೆಂಡಿ ಹೇರುವಾಗ ಕಾಕಾ ಹಾಡುತ್ತಿದ್ದನಂತೆ. ಚಾಚಾ ಕೈ ಮಾಡಿ ನಿಲ್ಲಿಸಿದರು. "ಮೊದಲ ಕೆಮ್ಮು ಒಂದ ಇತ್ತು. ಈಗ ಎರಡನೇ ಸಾಲಿನ್ಯಾಗೂ ಬರಾಕತ್ತೈತಿ. ಇದನ್ನ ನೀ ಬರದಿಲ್ಲಲ್ಲ?" ಕಾಕಾ ಇಲ್ಲವೆಂದ. ಅಂದಿನ ಎಲೆಯನ್ನು ಚಾಚಾ ಬೇರೆ ಗಾಡಿಯಲ್ಲಿ ಕಳಿಸಿ, ಕಾಕಾನನ್ನು ತಾವೇ ಹಾನಗಲ್ಲಿಗೆ ಕರೆದುಕೊಂಡು ಬಂದು ಚಿಗವ್ವನಿಗೆ ಒಪ್ಪಿಸಿ ಹೇಳಿದರು. "ನಾಳೆ ಅಲ್ಲ, ಇವತ್ತ ಹುಬ್ಬಳ್ಳಿಗಿ ಹೋಗ್ರಿ."

ಹುಬ್ಬಳ್ಳಿಯ ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. ದನಿಯ ತಂತುವಿನ ಮೇಲೆ ಒಂದು ಗಂಟು! ಅದನ್ನು ತೆಗೆಯಬೇಕು, ತೆಗೆದು ಪರೀಕ್ಷೆಗೆ ಕಳಿಸಬೇಕು, ಕೆಟ್ಟದ್ದೋ ಅಲ್ಲವೋ ಆಮೇಲೆ ಗೊತ್ತಾಗುತ್ತದೆ ಎಂದರು. ನಾಲ್ಕು ತಾಲೂಕು ಕೂಡಿ ನಾವು ನಕ್ಕದ್ದು ಈ ಗಂಟಿಗೆ. ಸಂಗೀತ ಕಲಿತ ನನ್ನ ಕಿವಿಗೆ ಷಡ್ಜ ತಪ್ಪಿದ್ದು ಕೇಳಿಸಿತ್ತು, ಇದು ಕೇಳಿಸಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಡಾಕ್ಟರು ಬರೆದುಕೊಳ್ಳುತ್ತಾ, "ಇವರು ಹಾಡ್ತಾರೇನು?" ಎಂದು ಕೇಳಿದರು. ಕಾಕಾ ಚಿಗವ್ವನ ಕಡೆ ನೋಡಿದ. ಮೂವತ್ತು ವರ್ಷದ ತಕರಾರು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿತ್ತೇ? ಚಿಗವ್ವ ಹೇಳಿದಳು, "ಹೂನ್ರಿ, ಹಾಡ್ತಾರ. ನೋಡಿ ಕೊಯ್ರಿ."

ಆಪರೇಷನ್ ಆಯಿತು. ಹತ್ತು ದಿನ ಒಂದು ಅಕ್ಷರ ಆಡುವಂತಿಲ್ಲ, ಪಿಸುಮಾತೂ ಇಲ್ಲ. ಆಮೇಲೆ ಮೊದಲ ದಿನ ಹತ್ತು ಮಾತು, ಅಂದರೆ ಎಣಿಸಿ ಹತ್ತೇ ಶಬ್ದ, ಮರುದಿನ ಇಪ್ಪತ್ತು, ಹೀಗೆ ಏರಿಸಬೇಕು. ದನಿ ಮೊದಲಿನಂತೆ ಬರಬಹುದು, ಬದಲಾಗಬಹುದು, ಬರದೆಯೂ ಇರಬಹುದು. ಡಾಕ್ಟರು ಯಾವುದನ್ನೂ ಖಾತ್ರಿ ಹೇಳಲಿಲ್ಲ.

ಕಾಕಾನಿಗೆ ನಾನು ಸಾಲೆಯಿಂದ ಒಂದು ಪಾಟಿ, ನಾಲ್ಕು ಬಳಪ ತಂದುಕೊಟ್ಟೆ. ಮೆಕ್ಯಾನಿಕ್ ಒಂದು ರಬ್ಬರಿನ ಹಾರ್ನು ತಂದುಕೊಟ್ಟ. ಒಮ್ಮೆ ಒತ್ತಿದರೆ ನೀರು, ಎರಡು ಸಲ ಒತ್ತಿದರೆ ಪೇಪರು. ಓಣಿಯಲ್ಲಿ ಯಾರದಾದರೂ ಗಾಡಿ ಎರಡು ಸಲ ಹಾರ್ನು ಹೊಡೆದರೂ ಚಿಗವ್ವ ಪೇಪರು ಹಿಡಿದು ಓಡಿ ಬರುತ್ತಿದ್ದಳು! ಪಾಟಿಯ ಮೇಲೆ ಕಾಕಾ ಬರೆದ ಮೊದಲ ಸಾಲು, "ಮನಿ ಶಾಂತ ಐತಿ, ನಿನಗ ಖುಷಿ ಆಗೇತೇನ?" ಚಿಗವ್ವ ಓದಿ ಒರೆಸಿ, "ಆಗೇತಿ" ಎಂದು ಬರೆದಳು. ಅವಳಿಗೆ ಬಾಯಿ ಇತ್ತು, ಆದರೂ ಬರೆದಳು.

ಐದನೇ ದಿನ ನಾನು ಹೇಳದೆ ಕೇಳದೆ ಅಡುಗೆ ಮನೆಗೆ ಹೋದೆ. ಚಿಗವ್ವ ಒಲೆಯ ಪಕ್ಕ ಮೊಬೈಲು ಕಿವಿಗೆ ಹಚ್ಚಿಕೊಂಡು ನಿಂತಿದ್ದಳು. ಒಳಗಿಂದ ಸಣ್ಣಗೆ ಅದೇ ಹಾಡು. ನನ್ನನ್ನು ಕಂಡು ಗಡಬಡಿಸಿ ಆರಿಸಿ, "ನೆಟ್‌ವರ್ಕ್ ಬರ್ತೈತೇನ ನೋಡಾಕತ್ತಿದ್ದೆ" ಎಂದಳು. ಹಾಡು ಕೇಳಿ ನೆಟ್‌ವರ್ಕ್ ನೋಡುವವರನ್ನು ನಾನು ಅದೇ ಮೊದಲು ಕಂಡದ್ದು.

ಎಂಟನೇ ದಿನ ರಿಪೋರ್ಟು ಬಂತು. ಗಂಟು ಕೆಟ್ಟದ್ದಲ್ಲ! ಸ್ವಾಮಿ, ಆ ದಿನ ನಮ್ಮ ಮನೆಯಲ್ಲಿ ಎಲ್ಲರೂ ಒಂದೊಂದು ರೊಟ್ಟಿ ಹೆಚ್ಚಿಗೆ ತಿಂದೆವು. ಚಾಚಾ ಒಂದು ಬುಟ್ಟಿ ಸವಣೂರು ಖಾರ ಎಂಬ ಕುರುಕಲು ತಿಂಡಿ ಕಳಿಸಿದರು. ಗಂಟಲಿನ ರೋಗಿಗೆ ಖಾರ ಕಳಿಸುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ನಾವೇ ತಿಂದು ಮುಗಿಸಿದೆವು.

ಜೀವದ ಚಿಂತೆ ಹೋಯಿತು, ದನಿಯ ಚಿಂತೆ ಉಳಿಯಿತು. ಓಣಿಯಲ್ಲಿ ಹೊಸ ಚರ್ಚೆ ಹುಟ್ಟಿತು. ಆಪರೇಷನ್ ಆದ ಮೇಲೆ ದನಿ ಇಂಪಾಗಬಹುದಂತೆ. ಕನ್ನಡ ಮಾಸ್ತರರು ಹಾಗೆ ಆದದ್ದು ಎಲ್ಲೋ ಓದಿದ್ದರು. ಹಾಡೂ ಛಲೋ, ದನಿಯೂ ಛಲೋ, ಇನ್ನೇನು ಬೇಕು? ನಾನು ಚಿಗವ್ವನಿಗೆ ಇದನ್ನು ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

"ಬ್ಯಾಡವ್ವ. ಯಾರೋ ಪರಗಂಡಸು ಮನ್ಯಾಗ ಮಾತಾಡಿದಂಗ ಆಗತೈತಿ."

ಹತ್ತನೇ ದಿನದ ಸಂಜೆಯಿಂದಲೇ ಕಾಕಾ ಪಾಟಿ ಹಿಡಿದು ಕೂತ. ಮರುದಿನ ಆಡುವ ಹತ್ತು ಮಾತು ಯಾವುವು? ಹಾಡು ಕಟ್ಟುವವನಲ್ಲವೇ, ಏನೋ ಒಂದು ಆಡಿಬಿಡಲಾದೀತೇ? ಬರೆದ, ಎಣಿಸಿದ, ಹನ್ನೊಂದಾಯಿತು, ಒರೆಸಿದ. ಮತ್ತೆ ಬರೆದ, ಒಂಬತ್ತಾಯಿತು, ಒಂದು ಸೇರಿಸಿದ, ಅರ್ಥ ಕೆಟ್ಟಿತು, ಒರೆಸಿದ. ಮೂರು ಬಳಪ ಖರ್ಚಾದವು. ಬೆಳಿಗ್ಗೆ ನೋಡಿದರೆ ಸರಿಯಾಗಿ ಹತ್ತು ಮಾತಿನ ಒಂದು ಚೆಂದದ ಸಾಲು ಸಿದ್ಧವಾಗಿತ್ತು. ನನಗೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಲಿಲ್ಲ.

ಚಾಚಾ ಸವಣೂರಿನಿಂದ ಬಂದು ಕೂತರು. ಮೆಕ್ಯಾನಿಕ್ ಬಂದ. ಮಾಸ್ತರರು ಬಂದರು. ನಾನು ಸಾಲೆಗೆ ರಜೆ ಹಾಕಿದ್ದೆ. ಚಿಗವ್ವ ಮಾತ್ರ ಹೊರಗೆ ಬರಲಿಲ್ಲ, ಅಡುಗೆ ಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಸೀರೆಯ ಅಂಚು ನನಗೆ ಕಾಣುತ್ತಿತ್ತು.

ಕಾಕಾ ಪಾಟಿ ನೋಡಿದ. ನಮ್ಮನ್ನು ನೋಡಿದ. ಆ ಬಾಗಿಲ ಕಡೆ ನೋಡಿದ. ಬಾಯಿ ತೆರೆದ. ಬರೆದದ್ದೆಲ್ಲ ಎಲ್ಲಿ ಹೋಯಿತೋ!

"ಒಂದ ಕಪ್ಪ ಚಾ ಮಾಡ್ತೀಯೇನ?"

ಅದೇ ದನಿ. ಅದೇ ಒಡಕು, ಅದೇ ಕರಕರ. ಒಂದೆಳೆಯೂ ಸುಧಾರಿಸಿರಲಿಲ್ಲ! ಚಾಚಾ ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಶುಕ್ರ್ ಹೈ" ಎಂದು ದೇವರನ್ನು ನೆನೆದರು. ಅಷ್ಟು ಕೆಟ್ಟ ದನಿ ಕೇಳಿ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಬಾಗಿಲ ಹಿಂದಿನಿಂದ ಚಿಗವ್ವ, "ಕೇಳಿಸಲಿಲ್ಲ. ಇನ್ನೊಮ್ಮೆ ಹೇಳ್ರಿ" ಎಂದಳು.

"ಒಂದ ಕಪ್ಪ ಚಾ ಮಾಡ್ತೀಯೇನ?"

"ಏನಂದ್ರಿ?"

ಕಾಕಾ ಗಾಬರಿಯಿಂದ ನನ್ನ ಕಡೆ ಎರಡು ಬೆರಳು ತೋರಿಸಿದ. ಉಳಿದದ್ದು ಎರಡೇ ಮಾತು. ತಡೆದು ತಡೆದು ಹೇಳಿದ.

"ಚಾ. ಚಾ."

ಅಲ್ಲಿಗೆ ಹತ್ತೂ ಮುಗಿದವು. ನಾನು ಎದ್ದು ಒಳಗೆ ಹೋದೆ. ಚಿಗವ್ವ ಗೋಡೆಗೆ ಆತು ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಒಲೆ ಹಚ್ಚಿರಲಿಲ್ಲ. "ಚಿಗವ್ವ, ನಿನಗ ಮೊದಲನೇ ಸಲನ ಕೇಳಿತ್ತಲ್ಲ?" ಎಂದೆ. ಅವಳು ಮೂಗು ಒರೆಸಿಕೊಂಡು ನನ್ನನ್ನೇ ಕೇಳಿದಳು.

"ನಾಳಿಗಿ ಎಷ್ಟು ಮಾತಂದಾರ ಡಾಕ್ಟರು?"

"ಇಪ್ಪತ್ತು."

"ಇಪ್ಪತ್ತೂ ನನಗಿರ್ಲಿ. ನಾಳೆ ಯಾರನ್ನೂ ಕರಿಬ್ಯಾಡ."