ಕಾಣದ ಹಗ್ಗ, ತುಂಬಿದ ಕೆರೆ

ಕಣ್ಣಿಗೆ ಕಾಣದ ಕೆಲಸ ಮಾಡುವವರು ಮನೆಯಲ್ಲಿ ಒಬ್ಬರಿದ್ದರೆ ಸಾಕು, ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅಂಥವಳು ನನ್ನ ಸೊಸೆ. ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುತ್ತಾಳೆ. ಮನೆ ಯಲಹಂಕದಲ್ಲಿ, ಅವಳ ಆಫೀಸು ಹೆಬ್ಬಾಳದ ಮೇಲ್ಸೇತುವೆಯ ಆಚೆ.

ನಾನು ಬಿ.ಎಸ್ಸಿ., ಸಸ್ಯಶಾಸ್ತ್ರ. ಎಲೆ, ಬೇರು, ಕಾಂಡದ ಚಿತ್ರ ಬರೆದು, ಬಾಣದ ಗುರುತು ಹಾಕಿ, ಹೆಸರು ಬರೆದ ರೆಕಾರ್ಡ್ ಪುಸ್ತಕ ಇವತ್ತಿಗೂ ಬೀರುವಿನಲ್ಲಿದೆ. ಆ ಅಭ್ಯಾಸ ಬಿಟ್ಟುಹೋಗಿಲ್ಲ. ಸೊಸೆ ಬಂದ ಮೇಲೆ ಅವಳಿಗೇ ಅಂತ ಒಂದು ಉದ್ದ ಪುಸ್ತಕ ಇಟ್ಟೆ. ಯಾವ ಸಿನಿಮಾ, ಯಾವ ದೃಶ್ಯ, ಅವಳು ಮಾಡಿದ್ದೇನು, ನೋಡಿದವರು ಅಂದದ್ದೇನು, ಎಲ್ಲಾ ಅದರಲ್ಲಿದೆ. ಇಲ್ಲಿ ಬರೆಯುತ್ತಿರುವುದು ಅದರಿಂದ ಆರಿಸಿಕೊಂಡದ್ದು.

ಸಿಲಿಂಡರ್ ಪ್ರಸಂಗ

ಮದುವೆ ಮಾತುಕತೆಗೆ ಹುಡುಗಿ ಅಪ್ಪ ಅಮ್ಮನ ಜೊತೆ ನಮ್ಮ ಮನೆಗೇ ಬಂದಿದ್ದಳು. ಧಾರವಾಡದ ಕಡೆಯವರು. ನಮ್ಮ ಕಡೆಯಿಂದ ಹಿರಿಯರು ಅಂದರೆ ನನ್ನ ಯಜಮಾನರ ಅಣ್ಣ, ಅಂದರೆ ನಮ್ಮ ಭಾವನವರು. ಈಗ ಆರ್.ಟಿ. ನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹುಣಸಮಾರನಹಳ್ಳಿ ಪಕ್ಕದ ನಮ್ಮೂರಿನ ಮಾತು ಮಾತ್ರ ಅವರ ನಾಲಿಗೆ ಬಿಟ್ಟಿಲ್ಲ.

"ಏನ್ ಕೆಲ್ಸ ಮಾಡ್ತೀಯಮ್ಮ?" ಅಂತ ಕೇಳಿದರು.

"ಸಿನಿಮಾದಾಗ ಬ್ಯಾಡಾದದ್ದನ್ನ ತಗೀತೀನ್ರಿ."

"ಅಂಗಂದ್ರೆ? ಕಸ ಗುಡ್ಸೋ ಕೆಲ್ಸಾನಾ?"

ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಭಾವನವರದೇ ಒಂದು ಫೋಟೋ ತೆಗೆದಳು. ನಾವು ಕಾಫಿ ಕುಡಿಯುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಏನೋ ಮಾಡಿ ತೋರಿಸಿದಳು. "ನೋಡ್ರಿ, ನಿಮ್ಮ ಹಿಂದಿನ ಗ್ಯಾಸ್ ಸಿಲಿಂಡರ್ ತಗದೀನಿ."

ಭಾವನವರು ಫೋಟೋ ನೋಡಲೇ ಇಲ್ಲ. ಹಿಂದೆ ತಿರುಗಿ, ಸಿಲಿಂಡರನ್ನು ಎರಡು ಸಲ ತಟ್ಟಿ, "ಎಲ್ಲಮ್ಮ ತೆಗ್ದಿದ್ದೀಯ? ಇಲ್ಲೇ ಐತಲ್ಲಾ!" ಅಂದರು.

ಮದುವೆಗೆ ಒಪ್ಪಿದರು. ಆದರೆ ಹೋಗುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: "ಉಡ್ಗಿ ಒಳ್ಳೇದೇ. ಆದ್ರೆ ಕೆಲ್ಸ ಅನ್ನೋದು ಕಣ್ಗೆ ಕಾಣ್ಬೇಕು ಕಣಮ್ಮ. ಕಂಡ ದಿವ್ಸ ನಾನೇ ಬಂದು ಒಪ್ಕೊಂತೀನಿ."

ಅವತ್ತಿನಿಂದ ಎಲ್ಲ ಶುಭಕಾರ್ಯದಲ್ಲೂ ಭಾವನವರು ತಮ್ಮ ಅಳಿಯನ ಬಗ್ಗೆ ಕಾಲು ಗಂಟೆ ಹೇಳುತ್ತಾರೆ. ಇವಳ ಸರದಿ ಬಂದಾಗ "ಇವ್ಳು ನಮ್ಮ ಉಡುಗನ ಎಂಡ್ತಿ" ಅಂದು ಎಲೆ ಅಡಿಕೆಗೆ ಕೈ ಹಾಕುತ್ತಾರೆ. ಸೊಸೆ ನಗುತ್ತಾಳೆ. ಒಂದು ದಿನ ಮಾತ್ರ ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಾ, "ಅತ್ತೀ, ದೊಡ್ಡ ಮಾವ ಒಂದ್ ಸಲ 'ಚಲೋ ಮಾಡೀದಿ' ಅಂದ್ರ ಸಾಕ್ ನೋಡ್ರಿ" ಅಂದಳು. ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ. ಪಕ್ಕದಲ್ಲಿ "ಬಾಕಿ" ಅಂತ ಗುರುತು ಹಾಕಿದೆ.

ಹಗ್ಗದ ಅಭಿಮಾನಿ

ಅವಳ ಹೆಸರು ತೆರೆಯ ಮೇಲೆ ಬಂದ ಮೊದಲ ಸಿನಿಮಾ. ಯಶವಂತಪುರದ ಮಾಲಿಗೆ ಭಾವನವರನ್ನೂ ಕರೆದುಕೊಂಡು ಹೋದೆವು. ನಾಯಕ ಐದನೇ ಮಹಡಿಯಿಂದ ಹಾರುತ್ತಾನೆ. ನಿಜದಲ್ಲಿ ಅವನ ಸೊಂಟಕ್ಕೆ ದಪ್ಪ ಹಗ್ಗ ಕಟ್ಟಿ ಇಳಿಸಿದ್ದರಂತೆ. ಆ ಹಗ್ಗವನ್ನು ಒಂದೊಂದು ಫ್ರೇಮಿನಿಂದಲೂ ಅಳಿಸಿದ್ದು ಇವಳು. ಹದಿನೈದು ದಿನ ಕೂತಿದ್ದಾಳೆ. ತೆರೆಯ ಮೇಲೆ ಅದು ನಾಲ್ಕು ಸೆಕೆಂಡು.

ಆ ನಾಲ್ಕು ಸೆಕೆಂಡು ಬಂತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ನನ್ನನ್ನು ನೋಡಿ ಮುಂದಿನ ಸಾಲಿನ ಹುಡುಗರೂ ಎದ್ದರು, ಶಿಳ್ಳೆ ಹಾಕಿದರು. ಒಬ್ಬ ತಿರುಗಿ ಕೈ ಮುಗಿದ. "ಸೂಪರ್ ಅಮ್ಮ! ಈ ವಯಸ್ಸಲ್ಲೂ ನೀವು ನಮ್ಮ ಬಾಸ್ ಅಭಿಮಾನಿನಾ?"

"ಇಲ್ಲಪ್ಪ, ನಾನು ಹಗ್ಗದ ಅಭಿಮಾನಿ."

"ಯಾವ ಹಗ್ಗ ಅಮ್ಮ?"

"ಅದೇ, ಕಾಣ್ತಿಲ್ವಲ್ಲ, ಅದು."

ಅವನು ಗೆಳೆಯನ ಕಿವಿಯಲ್ಲಿ ಏನೋ ಹೇಳಿ ಎರಡು ಸೀಟು ಆಚೆಗೆ ಹೋಗಿ ಕೂತ. ಭಾವನವರು ಮಾತ್ರ ಹೊರಗೆ ಬರುವಾಗ, "ಅಗ್ಗ ಇದ್ದಿದ್ರೆ ನೋಡ್ಬೋದಿತ್ತು. ಇಲ್ದೇ ಇರೋ ಅಗ್ಗಾನ ಎಂಗಮ್ಮ ನೋಡೋದು?" ಅಂದರು. ನ್ಯಾಯವಾದ ಪ್ರಶ್ನೆ. ಬರೆದುಕೊಂಡೆ.

ಬಕೆಟ್ ವ್ರತ

ಅದಾದ ಮೇಲೆ ಒಂದು ದೊಡ್ಡ ಸಿನಿಮಾ ಬಂತು. ಕಥೆಗೆ ತುಂಬಿದ ಕೆರೆ ಬೇಕು. ಚಿತ್ರೀಕರಣ ಮಾಡಿದ್ದು ಹೆಸರಘಟ್ಟದ ಕಡೆಯ ಒಣ ಬಯಲಿನಲ್ಲಿ. ನೀರು, ದಡ, ಮರ ಎಲ್ಲಾ ಆಮೇಲೆ ಕಂಪ್ಯೂಟರಿನಲ್ಲೇ ಹುಟ್ಟಬೇಕು. ಆ ಕೆಲಸ ನಮ್ಮವಳ ಪಾಲಿಗೆ ಬಂತು.

"ಅತ್ತೀ, ಹಳೀ ಕೆರಿ ಹೆಂಗಿರ್ತಿತ್ತು ಅಂತ ನೀವಾ ಹೇಳ್ರಿ."

ನಾನು ಈ ಮನೆತನಕ್ಕೆ ಸೊಸೆಯಾಗಿ ಬಂದಾಗ ನೋಡಿದ ನಮ್ಮೂರ ಕೆರೆಯ ಚಿತ್ರವನ್ನೇ ಬರೆದುಕೊಟ್ಟೆ. ಬಾಣದ ಗುರುತು ಸಹಿತ: ಇದು ತೂಬು, ಇದು ನೀರಿಗೆ ಬಗ್ಗಿದ ಹೊಂಗೆ ಮರ, ಇವು ಏಳು ಮೆಟ್ಟಿಲು, ನಾಲ್ಕನೆಯದು ಒಡೆದಿದೆ. ಆ ಕೆರೆ ಒಣಗಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಮುಳ್ಳು, ಕಳೆ ಬಿಟ್ಟರೆ ಬೇರೇನಿಲ್ಲ.

ನೀರಿನ ಅಲೆ ಹೇಗೆ ಹರಡುತ್ತದೆ ಅಂತ ನೋಡಲು ಅವಳು ದಿನಾ ಬೆಳಿಗ್ಗೆ ತಾರಸಿಯಲ್ಲಿ ಬಕೆಟ್ಟಿನಲ್ಲಿ ನೀರಿಟ್ಟು ಕಲ್ಲು ಹಾಕುತ್ತಿದ್ದಳು. ನಾನು ಕಲ್ಲು ಎತ್ತಿಕೊಡುವುದು, ಅವಳು ವಿಡಿಯೋ ಮಾಡುವುದು. ಹೀಗೇ ಒಂದು ವಾರ ನಡೆಯಿತು. ಎದುರುಮನೆಯವರು ತಮ್ಮ ತಾರಸಿಯಿಂದ ನೋಡುತ್ತಲೇ ಇದ್ದರು. ಏನೂ ಕೇಳಲಿಲ್ಲ. ಎಂಟನೇ ದಿನ ಅವರ ತಾರಸಿಯಲ್ಲೂ ಒಂದು ಬಕೆಟ್ಟು ಬಂತು. ಅರಿಶಿನ ಕುಂಕುಮ ಹಚ್ಚಿದ್ದರು.

"ರೀ, ಮಗಳಿಗೆ ಗಂಡು ನೋಡ್ತಿದ್ದೀವಿ," ಅಂತ ಕೂಗಿದರು. "ದಿನಕ್ಕೆ ಎಷ್ಟು ಕಲ್ಲು ಹಾಕ್ಬೇಕು?"

"ಮತ್ತು ತಂಡ"

ಆ ಸಿನಿಮಾಕ್ಕೇ ವಿಶೇಷ ಪರಿಣಾಮಗಳ ರಾಷ್ಟ್ರೀಯ ಪ್ರಶಸ್ತಿ ಬಂತು. ದೇಶದ ಎಲ್ಲಾ ಭಾಷೆಯ ಸಿನಿಮಾಗಳಲ್ಲಿ ಆರಿಸಿದ್ದು! ಪದಕ ಸ್ವೀಕರಿಸುವವರು ಇವಳ ಮೇಲಿನ ಮುಖ್ಯಸ್ಥರು. ಅದು ಸರಿಯೇ, ಇಡೀ ಕೆಲಸದ ಹೊಣೆ ಹೊತ್ತವರು ಅವರು. ನಾನು ಮಾರನೆಯ ದಿನ ನಾಲ್ಕು ಪತ್ರಿಕೆ ತರಿಸಿ ಇವಳ ಹೆಸರು ಹುಡುಕಿದೆ. ಮೂರರಲ್ಲಿ ಮುಖ್ಯಸ್ಥರ ಹೆಸರಷ್ಟೇ ಇತ್ತು. ನಾಲ್ಕನೆಯದರಲ್ಲಿ ಅವರ ಹೆಸರಿನ ಮುಂದೆ "ಮತ್ತು ತಂಡ" ಅಂತಿತ್ತು. ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದೆ. ಆ ಎರಡು ಪದಗಳ ಕೆಳಗೆ ಕೆಂಪು ಗೆರೆ ಎಳೆದು ಭಾವನವರಿಗೆ ತೋರಿಸಿದೆ.

"ಎಲ್ಲಮ್ಮ ಅವ್ಳ ಎಸ್ರು?"

"ಇದೇ ಭಾವ, 'ಮತ್ತು ತಂಡ'."

"ತಂಡದಲ್ಲಿ ಎಷ್ಟ್ ಜನ?"

"ನೂರರ ಮೇಲೆ ಇರಬೇಕು."

ಭಾವನವರು ಕನ್ನಡಕ ಸರಿಮಾಡಿಕೊಂಡು ಆ ಎರಡು ಪದಗಳನ್ನು ಬಹಳ ಹೊತ್ತು ನೋಡಿದರು. "ನೂರ್ ಜನಾನ ಇಷ್ಟ್ ಜಾಗ್ದಲ್ಲಿ ನಿಲ್ಸವ್ರಲ್ಲ! ಇದು ಕಣಮ್ಮ ಗ್ರಾಫಿಕ್ಸು."

ಸೊಸೆಯೇ ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ಅವತ್ತು ನಗು ಬರಲಿಲ್ಲ. "ಬಾಕಿ" ಬಾಕಿಯಾಗಿಯೇ ಉಳಿಯಿತು.

ಟವೆಲ್ಲು

ಆ ಸಿನಿಮಾ ಟೀವಿಯಲ್ಲಿ ಬಂದ ಶನಿವಾರ, ಅದನ್ನಿನ್ನೂ ನೋಡಿರದ ಭಾವನವರನ್ನು ಊಟಕ್ಕೆ ಕರೆದೆ. ಅದರಲ್ಲಿ ಯಾವುದು ಸೊಸೆಯ ಕೆಲಸ ಅಂತ ಈ ಸಲ ಹೇಳಲೇ ಇಲ್ಲ. ಹೇಳಿ ಹೇಳಿ ಸೋತಿದ್ದೆ. ಅವರು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು. ಕೆರೆ ಬಂತು. ಅಗಿಯುವುದು ನಿಂತಿತು.

"ಏಯ್, ಇದು ನಮ್ಮೂರ್ ಕೆರೆ!"

ಸೊಸೆ ಟೀವಿಯ ದನಿ ಜೋರು ಮಾಡಿದಳು.

"ಅದೇ ಒಂಗೆ ಮರ! ನೋಡು ನೋಡು, ನಾಲ್ಕನೇ ಮೆಟ್ಲು! ಅದ್ರ ಮೇಲೆ ಬಿದ್ದೇ ನನ್ನ ಅಲ್ಲು ಓಗಿದ್ದು!" ಬಾಯಿ ತೆರೆದು ಹಲ್ಲಿಲ್ಲದ ಜಾಗ ತೋರಿಸಿದರು. ಜಮೀನು ಮಾರಿದ ಮೇಲೆ ಅವರು ಆ ಕಡೆ ಹೋಗಿಯೇ ಇರಲಿಲ್ಲ. "ಈ ಸಲ ಮಳೆ ಚೆನ್ನಾಗಾಯ್ತಲ್ಲ, ತುಂಬ್ಬಿಟ್ಟೈತೆ" ಅಂದುಕೊಂಡು, ಮಿಕ್ಕ ಸಿನಿಮಾ ನೋಡದೆ ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಅವರ ಮಗಳ ಫೋನು. "ಚಿಕ್ಕಮ್ಮ, ಅಪ್ಪ ಅಲ್ಲಿಗೆ ಬಂದ್ರಾ? ಟವೆಲ್ಲು, ಎಣ್ಣೆ ಸೀಸೆ ತಗೊಂಡು ಬಸ್ಸಿಗೆ ಹೋದ್ರು. ಕೇಳಿದ್ರೆ ಈಜಕ್ಕೆ ಅಂದ್ರು!"

ಹನ್ನೊಂದು ಗಂಟೆಗೆ ನಮ್ಮ ಗೇಟು ಸದ್ದಾಯಿತು. ಭಾವನವರು ನಿಂತಿದ್ದರು. ಪಂಚೆಯ ತುಂಬಾ ಮುಳ್ಳುಬೀಜ. ಹೆಗಲ ಮೇಲೆ ಟವೆಲ್ಲು, ಹಪ್ಪಳದಂತೆ ಒಣಗಿದ್ದು. ತಲೆಯಿಂದ ಪಾದದವರೆಗೆ ಎಣ್ಣೆ ಮಿರಮಿರ ಮಿಂಚುತ್ತಿತ್ತು. ಕೆರೆ ತಲುಪುವ ಮೊದಲೇ ಹಚ್ಚಿಕೊಂಡುಬಿಟ್ಟಿದ್ದರು.

ನನ್ನ ಕಡೆ ನೋಡಲೂ ಇಲ್ಲ. ನೇರ ಸೊಸೆಯ ಮುಂದೆ ಹೋಗಿ ನಿಂತರು. "ಎಲ್ಲಮ್ಮ ನೀರು?"

ಅವಳು ಎದ್ದು ನಿಂತಳು. "ದೊಡ್ಡ ಮಾವ... ಅದು ನಾ ಮಾಡಿದ್ದರಿ."

"ಒಂಗೆ ಮರ?"

"ಅದೂ ನಾನಾರಿ."

"ಒಡ್ದಿರೋ ಮೆಟ್ಲು?"

"ಅತ್ತಿ ಚಿತ್ರ ಬರದು ಕೊಟ್ಟಿದ್ರು. ಅದನ್ನ ನೋಡಿ ನಾನಾ ಒಡದೀನ್ರಿ."

ಭಾವನವರು ಸೋಫಾದ ಮೇಲೆ ಕೂತರು. ಎಣ್ಣೆಯ ಗುರುತು ಇವತ್ತಿಗೂ ಹೋಗಿಲ್ಲ, ತೊಳೆಸಿಲ್ಲ ನಾನು. ಆಮೇಲೆ ಅವರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಎಣ್ಣೆ ಕಣ್ಣಿಗೆ ಇಳಿದಿತ್ತು ಅಂತ ಅವರೇ ಹೇಳಿದ್ದರಿಂದ ಪುಸ್ತಕದಲ್ಲೂ ಹಾಗೇ ಬರೆದಿದ್ದೇನೆ.

"ಎಪ್ಪತ್ತು ವರ್ಷದ ಮನುಷ್ಯನ್ನ ಎಣ್ಣೆ ಅಚ್ಕೊಂಡು ಮುಳ್ಳಲ್ಲಿ ನಿಲ್ಸ್‌ಬಿಟ್ಯಲ್ಲಮ್ಮ! ಬಾಳ ಚೆನ್ನಾಗಿ ಮಾಡಿದ್ದೀಯ ಕಣಮ್ಮ, ಬಾಳ ಚೆನ್ನಾಗಿ." ಆಮೇಲೆ ನನ್ನ ಕಡೆ ತಿರುಗಿ, "ತಾ ಆ ಪುಸ್ತಕ. ಏನದು ಮತ್ತು ತಂಡ? ಎಸ್ರು ಬರಿ. ದೊಡ್ಡ ಅಕ್ಸರದಲ್ಲಿ" ಅಂದರು.

ಅವರ ಮುಂದೆಯೇ ಬರೆದೆ. ಹಳೆಯ ಪುಟ ತೆಗೆದು "ಬಾಕಿ" ಅನ್ನುವುದನ್ನೂ ಹೊಡೆದುಹಾಕಿದೆ. ಅಷ್ಟರಲ್ಲಿ ಅವರು ಹೊರಗೆ ಹೋಗಿ ಎದುರುಮನೆಯವರಿಗೆ ಗೇಟಿನಿಂದಲೇ ಕೂಗಿ ಹೇಳುತ್ತಿದ್ದರು: "ನಮ್ಮ ಸೊಸೆ ಕೆರೆ ಕಟ್ಟವ್ಳೆ ಕಣ್ರೀ, ಕೆರೆ! ದಿಲ್ಲಿಯಿಂದ ಪ್ರಶಸ್ತಿ ಬಂದೈತೆ!"

ಎಣ್ಣೆ ಹಚ್ಚಿಕೊಂಡವರನ್ನು ಹಾಗೇ ಕಳಿಸುವುದಕ್ಕಾಗುತ್ತದೆಯೇ? ಸೊಸೆಯೇ ಓಡಿಹೋಗಿ ಗೀಸರ್ ಹಾಕಿದಳು, ಸೀಗೆಪುಡಿ ಕಲಸಿಟ್ಟಳು, ಎರಡು ಬಕೆಟ್ ಬಿಸಿನೀರು ತುಂಬಿಸಿದಳು. ಭಾವನವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತು ಒಳಗಿನಿಂದ ಸದ್ದೇ ಇಲ್ಲ. ನಾವಿಬ್ಬರೂ ಗಾಬರಿಯಾಗಿ ಬಾಗಿಲ ಹತ್ತಿರ ಹೋದೆವು. ಆಗ ಒಳಗಿನಿಂದ ಕೂಗಿದರು:

"ಏನಮ್ಮಾ, ಈ ನೀರಾದ್ರೂ ನಿಜದ್ದಾ?"