ಶಿಲ್ಪಕ್ಕನ ಸರ್ಕಲ್

ಮನುಷ್ಯರ ಮುಖದ ವಿಷಯದಲ್ಲಿ ನನ್ನ ಕೈ ಎಂದೂ ತಪ್ಪುವುದಿಲ್ಲ ಎಂದು ನಾನು ನಂಬಿದ್ದೆ. ಹೊನ್ನಾಳಿಯಲ್ಲಿ ನಮ್ಮ ಮನೆಯ ಗೇಟಿಗೆ ತೂಗುಹಾಕಿರುವ ಬೋರ್ಡಿನಲ್ಲೂ ಅದನ್ನೇ ಬರೆಸಿದ್ದೆ: 'ಬೃಹತ್ ಪ್ರತಿಮೆಗಳನ್ನು ತದ್ರೂಪವಾಗಿ ಮಾಡಿಕೊಡಲಾಗುವುದು.' ತದ್ರೂಪ ಎಂಬ ಪದಕ್ಕೆ ಕೆಂಪು ಬಣ್ಣ ಬೇರೆ!

ಈ ನಂಬಿಕೆಗೆ ಆಧಾರವೂ ಇತ್ತು. ಇಷ್ಟು ವರ್ಷಗಳಲ್ಲಿ ಶಾಲೆಯ ಗೇಟಿಗೆ ಆನೆ, ಮಠದ ಬಾಗಿಲಿಗೆ ಸಿಂಹ, ಪಾರ್ಕಿಗೆ ಜಿರಾಫೆ, ಸರ್ಕಲ್ಲಿಗೆ ಜೋಡೆತ್ತು ಎಲ್ಲ ಮಾಡಿದ್ದೇನೆ. ಒಂದೇ ಒಂದು ಆನೆಯಾಗಲಿ, ಸಿಂಹವಾಗಲಿ ಬಂದು "ನಾನು ಹೀಗಿಲ್ಲ" ಎಂದು ತಕರಾರು ಮಾಡಿದ್ದಿಲ್ಲ.

ಹೀಗಿರುವಾಗ ಕತ್ತಲಗೆರೆ ಕಡೆಯ ಒಂದು ಊರಿನಿಂದ ಕರೆ ಬಂತು. ಊರ ಮುಂದೆ ಮೂರು ರಸ್ತೆ ಕೂಡುವ ಜಾಗದಲ್ಲಿ, ತಲೆಯ ಮೇಲೆ ಭತ್ತದ ಹೊರೆ ಹೊತ್ತ ರೈತ ಮಹಿಳೆಯ ಪ್ರತಿಮೆ ನಿಲ್ಲಿಸಬೇಕಂತೆ. ಇಪ್ಪತ್ತೆರಡು ಅಡಿ ಎತ್ತರ! ಪ್ರತಿಮೆ ಸಮಿತಿಯ ಅಧ್ಯಕ್ಷರು ಮುರುಗೇಂದ್ರಪ್ಪ ಎಂಬ ಅಡಿಕೆ ವ್ಯಾಪಾರಿ. "ನೋಡಿದ್ರೆ ಬಸ್ಸಿನಾಗೆ ಕುಂತೋರು ಎದ್ದು ನಿಲ್ಲಬೇಕು, ಅಂಥದ್ದು ಮಾಡ್ರಿ" ಎಂದರು. "ಎದ್ದು ನಿಲ್ತಾರೆ ಬಿಡ್ರಿ" ಎಂದೆ. ಆ ಮಾತೇನೋ ಸುಳ್ಳಾಗಲಿಲ್ಲ.

ಹೊರೆ ಹೊತ್ತ ಹೆಣ್ಣನ್ನು ಮಾಡಬೇಕಾದರೆ ಎದುರಿಗೆ ಒಬ್ಬರು ಹೊರೆ ಹೊತ್ತು ನಿಲ್ಲಬೇಕು. ನಾನು ನನ್ನ ಹೆಂಡತಿಯ ಕಡೆ ನೋಡಿದೆ. ನಿರ್ಮಲಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳು ಮಷಿನ್ನಿನಿಂದ ತಲೆ ಎತ್ತದೆಯೇ ಹೇಳಿದಳು:

"ನಿಂತ್ಕಳಾಕೆ ನನಗೆಲ್ಲಿ ಟೈಮೈತ್ರಿ? ಮದುವೆ ಮನೆ ಬ್ಲೌಸು ಹಂಗೇ ಬಿದ್ದಾವೆ."

"ಒಂದೆರಡು ದಿನ ಅಷ್ಟೇ."

"ಮುಖ ಯಾರ್ದು ಮಾಡ್ತೀರಿ?"

"ಯಾರ್ದೇನು? ಕೈ, ಕಾಲು, ಮುಖ ಎಲ್ಲಾ ನಿಂದೇ. ಪೂರ್ತಿ ನೀನೇ!"

ಮಷಿನ್ ನಿಂತಿತು. "ಹೌದಾ?" ಎಂದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಿಂತಳು. ಒಂದೆರಡು ದಿನ ಎಂದದ್ದು ವಾರಗಳಾದವು. ಮನೆಯಲ್ಲಿ ಭತ್ತದ ಹೊರೆ ಎಲ್ಲಿಂದ ತರುವುದು? ಗೋಣಿಚೀಲಕ್ಕೆ ಹಳೆಯ ಬಟ್ಟೆ ತುಂಬಿ ಹಿತ್ತಲಲ್ಲಿ ಅವಳ ತಲೆಗೆ ಹೊರಿಸಿದೆ. ಒಂದು ಕೈ ಚೀಲಕ್ಕೆ, ಒಂದು ಕೈ ಸೊಂಟಕ್ಕೆ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ "ಅಲ್ಲಾಡಬೇಡ!" ಎಂದು ಗದರಿದೆ. ಬ್ಲೌಸ್ ಕೇಳಲು ಬಂದ ಪಕ್ಕದ ಬೀದಿಯ ಹೆಂಗಸೊಬ್ಬಳು, ಚೀಲ ಹೊತ್ತು ರೆಪ್ಪೆ ಮಿಟುಕಿಸದೆ ನಿಂತಿದ್ದ ಇವಳನ್ನು ನೋಡಿ, "ಯವ್ವಾ, ಅಕ್ಕಾರಿಗೆ ಏನೋ ಆಗೈತೆ!" ಎಂದು ಬಂದ ದಾರಿಯಲ್ಲೇ ಓಡಿದಳು. ಆಮೇಲೆ ಆ ಬೀದಿಯಿಂದ ಬ್ಲೌಸ್ ಬರುವುದು ನಿಂತಿತು. ಇವಳ ಕುತ್ತಿಗೆ ಹಿಡಿದುಕೊಂಡಿತು. ಬಲಕ್ಕೆ ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಆದರೂ ಬೇಡ ಎನ್ನಲಿಲ್ಲ. ಮುಲಾಮು ಹಚ್ಚಿಕೊಳ್ಳುತ್ತಾ ಜಗಳೂರಿನ ತವರಿಗೆ ಫೋನ್ ಮಾಡುತ್ತಿದ್ದಳು.

"ಅವ್ವಾ, ನನ್ನ ಮುಖ ಸರ್ಕಲ್‌ನಾಗೆ ಬರ್ತೈತೆ. ಇಪ್ಪತ್ತೆರಡು ಅಡಿ!"

ಮುಖವೇ ಇಪ್ಪತ್ತೆರಡು ಅಡಿ ಎಂದು ಅತ್ತೆಯವರು ತಿಳಿದುಕೊಂಡರಂತೆ. ಅವರ ಓಣಿಗೆಲ್ಲ ಹಾಗೆಯೇ ಸುದ್ದಿ ಹೋಯಿತು.

ಜೇಡಿಮಣ್ಣಿನಲ್ಲಿ ಸಣ್ಣ ಮಾದರಿ ಸಿದ್ಧವಾಯಿತು. ಸಮಿತಿಯವರು ನೋಡಲು ಬಂದರು. ಮುರುಗೇಂದ್ರಪ್ಪನವರು ಕನ್ನಡಕ ಏರಿಸಿ, ಇಳಿಸಿ, "ಈ ಮುಖ ಎಲ್ಲೋ ನೋಡ್ದಂಗೈತಲ್ರೀ" ಎನ್ನುವುದಕ್ಕೂ ನಿರ್ಮಲಾ ಚಹಾದ ತಟ್ಟೆ ಹಿಡಿದು ಬರುವುದಕ್ಕೂ ಸರಿಹೋಯಿತು. ಎಲ್ಲರೂ ಅವಳನ್ನು ನೋಡಿದರು. ಮಾದರಿಯನ್ನು ನೋಡಿದರು. ಚಹಾ ಕುಡಿದರು. ಅವಳು ಒಳಗೆ ಹೋದ ಮೇಲೆ ಅಧ್ಯಕ್ಷರು ದನಿ ತಗ್ಗಿಸಿದರು.

"ತಪ್ಪು ತಿಳ್ಕಬ್ಯಾಡ್ರಿ. ಮನೆಯವ್ರ ಮುಖ ಬ್ಯಾಡ."

"ಯಾಕ್ರೀ?"

"ನಾಳೆ ನಮ್ಮ ಮನೆಯವ್ರು ಕೇಳ್ತಾರ್ರೀ, ಅವ್ರದ್ದು ಹಾಕ್ಸಿದ್ರಿ, ನಮ್ದ್ಯಾಕೆ ಹಾಕ್ಸಲಿಲ್ಲ ಅಂತ. ನಾನೇನು ಉತ್ತರ ಕೊಡಲಿ? ಯಾರ ಮುಖನೂ ಅಲ್ಲದ ಒಂದು ಮುಖ ಮಾಡ್ರಿ."

ಆಗ ನಾನು ಏನು ಹೇಳಬೇಕಿತ್ತು ಎಂಬುದು ಈಗ ಬಹಳ ಸ್ಪಷ್ಟವಾಗಿ ಗೊತ್ತಿದೆ. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಎಷ್ಟೋ ಸಲ ಅದನ್ನು ಹೇಳಿಕೊಂಡಿದ್ದೇನೆ. ಅಂದು ಹೇಳಿದ್ದು ಇಷ್ಟು: "ನೀವು ಹೇಳೋದು ಸರಿ. ಕಲೆಗೆ ವ್ಯಕ್ತಿಗಿಂತ ಸಾರ್ವತ್ರಿಕತೆ ಮುಖ್ಯ." ಅದರ ಅರ್ಥ ಅವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಎಲ್ಲರೂ ತಲೆದೂಗಿದೆವು. ಗೋಡೆಯ ಆಚೆ ನಿರ್ಮಲಾ ಲೋಟ ತೊಳೆಯುತ್ತಿದ್ದಳು. ಅವತ್ತೇ ಹೇಳಿಬಿಡಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ. ಆಮೇಲೆ ಕೆಲಸದ ಜಾಗಕ್ಕೇ ಹೋಗಿ ಬಿಡಾರ ಹೂಡಿದೆ.

ಅಲ್ಲಿ ಕಬ್ಬಿಣದ ಸರಳು ಕಟ್ಟಿ, ಜಾಲರಿ ಸುತ್ತಿ, ಸಿಮೆಂಟು ಮೆತ್ತಿ ಮೈ ಎಬ್ಬಿಸಿದೆವು. ಹತ್ತಿ ನಿಲ್ಲಲು ನೆಲದಿಂದ ತುದಿಯವರೆಗೆ ಸಾರವೆ, ಸುತ್ತಲೂ ಹಸಿರು ನೆರಳುಬಲೆ. ಕಾಲು, ಸೀರೆಯ ನೆರಿಗೆ, ಸೊಂಟದ ಕೈ ಎಲ್ಲ ಸಲೀಸಾಗಿ ಬಂದವು. ಮುಖಕ್ಕೆ ಬಂದಾಗ ಕೈ ನಿಂತಿತು. ಯಾರ ಮುಖವೂ ಅಲ್ಲದ ಮುಖ ಹೇಗಿರುತ್ತದೆ? ಯಾರನ್ನು ನೋಡಿ ಮಾಡುವುದು?

ಯೋಚಿಸಿ ಯೋಚಿಸಿ ಒಂದು ಉಪಾಯ ಹೊಳೆಯಿತು. ಅದು ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. ನಾನು ಗಡ್ಡ ಕೆರೆದುಕೊಳ್ಳುವ ಕನ್ನಡಿಯನ್ನು ಸಾರವೆಯ ಕೊಳವೆಗೆ ಕಟ್ಟಿದೆ. ಭಾರ ಹೊತ್ತಾಗ ಕುತ್ತಿಗೆಯ ನರ ಹೇಗೆ ಉಬ್ಬುತ್ತದೆ, ಬಿಸಿಲಿಗೆ ಕಣ್ಣು ಎಷ್ಟು ಕಿರಿದಾಗುತ್ತದೆ, ದಣಿದಾಗ ತುಟಿಯ ಅಂಚು ಎತ್ತ ಜಾರುತ್ತದೆ, ಇಷ್ಟನ್ನು ನೋಡಿಕೊಳ್ಳಲು ಮಾತ್ರ! ಮುಕ್ಕಿರಿದು ಕನ್ನಡಿ ನೋಡುವುದು, ಸಿಮೆಂಟು ಮೆತ್ತುವುದು. ಕಣ್ಣು ಕಿರಿದು ಮಾಡುವುದು, ಮೆತ್ತುವುದು. ಅಷ್ಟು ಹತ್ತಿರದಿಂದ ಮೂಗೊಂದೇ ಸೋರೆಕಾಯಿಯಷ್ಟು ಕಾಣುತ್ತಿತ್ತು. ಒಂದೊಂದು ಭಾಗವೂ ಪ್ರತ್ಯೇಕವಾಗಿ ಅಮೋಘವಾಗಿತ್ತು! ಮೇಸ್ತ್ರಿ ಹಾಲೇಶ ಸಿಮೆಂಟಿನ ಬಾಂಡ್ಲಿ ತಂದುಕೊಡುತ್ತಾ ಒಮ್ಮೆ ಮೇಲೆ, ಒಮ್ಮೆ ನನ್ನನ್ನು ನೋಡಿ ನಗುತ್ತಿದ್ದ. ಕಲೆಯ ಮೇಲಿನ ಪ್ರೀತಿ ಎಂದುಕೊಂಡೆ.

ಅನಾವರಣದವರೆಗೆ ಯಾರೂ ನೋಡಬಾರದೆಂದು ಅಧ್ಯಕ್ಷರ ಅಪ್ಪಣೆ. ಆದ್ದರಿಂದ ಮೊದಲು ಬಟ್ಟೆ ಸುತ್ತಿ, ಆಮೇಲೆ ಸಾರವೆ ಬಿಚ್ಚಿದೆವು. ಹೀಗಾಗಿ, ಕೆಳಗೆ ನಿಂತು ಆ ಮುಖವನ್ನು ಇಡಿಯಾಗಿ ನೋಡುವ ಭಾಗ್ಯ ನನಗೂ ಸಿಕ್ಕಿರಲಿಲ್ಲ.

ಆ ದಿನ ಬಂತು. ಶಾಮಿಯಾನ, ಮೈಕು, ಕುರ್ಚಿ, ಜನವೋ ಜನ. ಭಾಷಣ ಶುರುವಾಗುವ ಹೊತ್ತಿಗೆ ಟೆಂಪೋ ಒಂದು ಬಂದು ನಿಂತಿತು. ಜಗಳೂರಿನಿಂದ! ಅತ್ತೆಯವರು ಇಳಿದರು. ಮೊಣಕಾಲು ನೋವಿನವರು, ನಾದಿನಿ ಶೋಭಾಳ ಭುಜ ಹಿಡಿದುಕೊಂಡು, ಮದುವೆಗಳಿಗೆ ಮಾತ್ರ ಉಡುವ ಇಳಕಲ್ ಸೀರೆ ಉಟ್ಟು ಬಂದಿದ್ದರು. ಹಿಂದೆ ಓಣಿಯ ಹೆಂಗಸರು. ನಿರ್ಮಲಾ ಓಡಿಹೋಗಿ ಎಲ್ಲರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದಳು. ಅವಳೂ ಹೊಸ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದಿದ್ದಳು. ಆಗಲಾದರೂ ಅವಳ ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತು. ಅಷ್ಟರಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಶಾಲು ಹೊದ್ದ ಮನುಷ್ಯ ಸತ್ಯ ಹೇಳುವುದು ಕಷ್ಟ.

ಹಗ್ಗ ಎಳೆದರು. ಬಟ್ಟೆ ಜಾರಿತು. ಚಪ್ಪಾಳೆ ಎದ್ದಿತು. ಎದ್ದ ಚಪ್ಪಾಳೆ ಅರ್ಧಕ್ಕೇ ನಿಂತಿತು. ಎಲ್ಲರ ಕತ್ತು ಮೇಲಕ್ಕೆ ಹೋಯಿತು, ಅಲ್ಲಿಂದ ನನ್ನ ಕಡೆಗೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಹಿಂದಿನಿಂದ ಯಾರೋ ಕೂಗಿದರು:

"ಲೇ, ಇದು ಶಿಲ್ಪಿ ಸಾರೇ ಕಣ್ರಲೇ!"

ನಾನೂ ನೋಡಿದೆ. ಅನುಮಾನವೇ ಇರಲಿಲ್ಲ. ನನ್ನ ಮೂಗು, ನನ್ನ ಗದ್ದ, ನನ್ನ ಜೋತುಬಿದ್ದ ಕೆಳತುಟಿ. ಮೀಸೆಯೊಂದಿಲ್ಲ, ಹಣೆಗೆ ಕುಂಕುಮ ಬಂದಿದೆ. ಇಪ್ಪತ್ತೆರಡು ಅಡಿ ಎತ್ತರದ ನಾನು, ಸೀರೆ ಉಟ್ಟು, ಭತ್ತದ ಹೊರೆ ಹೊತ್ತು, ಸೊಂಟದ ಮೇಲೆ ಕೈಯಿಟ್ಟುಕೊಂಡು ಚನ್ನಗಿರಿಯ ದಿಕ್ಕಿಗೆ ನೋಡುತ್ತಿದ್ದೆ. ತದ್ರೂಪ!

"ಏನ್ರೀ ಇದು?" ಮುರುಗೇಂದ್ರಪ್ಪನವರು ಮೈಕು ಆರಿಸುವುದನ್ನೂ ಮರೆತು ಕೇಳಿದರು. "ಮನೆಯವ್ರ ಮುಖ ಬ್ಯಾಡ ಅಂದ್ರೆ ನಿಮ್ದೇ ಹಾಕ್ಕಂಡ್ರಾ?"

ಮೂರು ರಸ್ತೆಗೂ ಕೇಳಿಸಿತು. ಜನ ಹೊಟ್ಟೆ ಹಿಡಿದು ನಕ್ಕರು. ದಾಟಿಹೋಗುತ್ತಿದ್ದ ಬಸ್ಸು ನಿಂತಿತು, ಒಳಗೆ ಕೂತವರೆಲ್ಲ ಎದ್ದು ನಿಂತರು. ಹಾಲೇಶನ ಕಡೆ ನೋಡಿದೆ. "ನಂಗೆ ಮೊದ್ಲೇ ಗೊತ್ತಿತ್ತು ಸಾರ್. ನೀವು ಬೇಕಂತ್ಲೇ ಮಾಡ್ಕಂತಿದ್ದೀರಿ ಅನ್ಕಂಡೆ" ಎಂದ.

ಅತ್ತೆಯವರು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮೇಲೆ ನೋಡಿದರು.

"ನಮ್ಮ ನಿರ್ಮಲಿ ಎಲ್ಲೇ?" ಎಂದರು.

"ಅವ್ವಾ, ಅದು ಭಾವ" ಎಂದಳು ಶೋಭಾ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

"ಅಳಿಯಂದ್ರಾ?" ಅತ್ತೆಯವರು ಇನ್ನೊಮ್ಮೆ ನೋಡಿದರು. "ಸೀರೆ ಚೆನ್ನಾಗಿ ಉಟ್ಟಾರೆ ಬಿಡು."

ನಿರ್ಮಲಾ ನಗಲಿಲ್ಲ. ಅಳಲೂ ಇಲ್ಲ. ಸೆರಗು ಸರಿಮಾಡಿಕೊಂಡು, "ಊಟಕ್ಕೆ ಏಳ್ರಿ, ಆಮೇಲೆ ನೂಕುನುಗ್ಗಲಾಗ್ತೈತೆ" ಎಂದು ತವರಿನವರನ್ನು ಕರೆದುಕೊಂಡು ಹೋದಳು. ಬಲಕ್ಕೆ ತಿರುಗುವಾಗ ಇನ್ನೂ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು.

ಮನೆಗೆ ಬಂದ ಮೇಲೆ ಒಂದೇ ಸಲ ಕೇಳಿದಳು.

"ನನ್ನ ಮುಖ ಬ್ಯಾಡ ಅಂತ ಅವ್ರು ಅಂದಾಗ ನೀವೇನಂದ್ರಿ?"

"ಸರಿ ಅಂದೆ."

"ಅಷ್ಟೇನಾ?"

"ಅಷ್ಟೇ." ಸಾರ್ವತ್ರಿಕತೆಯ ವಿಷಯ ಹೇಳುವ ಧೈರ್ಯ ಬರಲಿಲ್ಲ.

"ಇರಲಿ ಬಿಡ್ರಿ. ನನಗೊಂದು ಮಾತು ಹೇಳಿದ್ರೆ ಅವ್ವನ್ನ ಅಷ್ಟು ದೂರದಿಂದ ಕರೆಸ್ತಿರಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನಲ್ಲಿ ಉತ್ತರಗಳು ಸಿದ್ಧವಾಗಿದ್ದವು. ಅವಳು ಮಷಿನ್ನಿನ ಮುಂದೆ ಕೂತಳು. ನಾನು ಹಿತ್ತಲಿಗೆ ಹೋಗಿ ಗೋಣಿಚೀಲದಿಂದ ಹಳೆಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸಿಟ್ಟೆ. ಯಾಕೆ ಮಡಿಸಿದೆನೋ ಗೊತ್ತಿಲ್ಲ.

ಪ್ರತಿಮೆಯನ್ನು ತಿದ್ದಲು ನೋಡದೇ ಇರಲಿಲ್ಲ. ಉಳಿ ಹಿಡಿದು ಹೋದೆ. "ಅನಾವರಣ ಆದ ಮೂರ್ತಿ ಒಡೆಯೋದು ಊರಿಗೆ ಒಳ್ಳೇದಲ್ಲ" ಎಂದರು ಅಧ್ಯಕ್ಷರು. ಬೇಕಾದರೆ ಬಣ್ಣ ಹೊಡೆಯಿರಿ ಎಂದರು. ಬಣ್ಣದಲ್ಲೇ ಮುಖ ಬದಲಾಯಿಸುತ್ತೇನೆಂದು ಏಣಿ ಹತ್ತಿದೆ. ಹುಬ್ಬು ತೆಳ್ಳಗೆ ಮಾಡಿದೆ, ತುಟಿಗೆ ಕೆಂಪು ಬಳಿದೆ, ಕಣ್ಣಿಗೆ ಕಾಡಿಗೆ ಎಳೆದೆ, ಮೂಗುಬೊಟ್ಟು ಬರೆದೆ. ಇಳಿದು ನೋಡಿದರೆ, ನಾಟಕ ಕಂಪನಿಯಲ್ಲಿ ಹೆಣ್ಣು ಪಾತ್ರಕ್ಕೆ ಬಣ್ಣ ಹಚ್ಚಿಕೊಂಡ ನಾನು! ಮೊದಲೇ ಚೆನ್ನಾಗಿತ್ತು ಎಂದು ಎದುರಿನ ಚಹಾ ಅಂಗಡಿಯವರು ಅಭಿಪ್ರಾಯಪಟ್ಟರು.

ಕೊನೆಗೆ ನನ್ನ ಮುಖವನ್ನೇ ಬದಲಾಯಿಸಿಕೊಳ್ಳೋಣವೆಂದು ಗಡ್ಡ ಬಿಟ್ಟೆ. ಪ್ರಯೋಜನವಾಗಲಿಲ್ಲ. ಆ ದಾರಿಯ ಬಸ್ಸಿನ ಕಂಡಕ್ಟರುಗಳು ಆ ಸ್ಟಾಪಿಗೆ ಹೆಸರಿಟ್ಟುಬಿಟ್ಟಿದ್ದಾರೆ: "ಶಿಲ್ಪಕ್ಕನ ಸರ್ಕಲ್! ಯಾರ್ರೀ ಇಳಿಯೋರು ಶಿಲ್ಪಕ್ಕನ ಸರ್ಕಲ್?" ಒಮ್ಮೆ ಅದೇ ಬಸ್ಸಿನಲ್ಲಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಕಿಟಕಿಯಿಂದ ಹೊರಗೆ ನೋಡಿ, ನನ್ನನ್ನು ನೋಡಿ, "ನಿಮ್ಮ ಅಕ್ಕಾರಾ ಸ್ವಾಮಿ? ಪಾಪ, ಭಾಳ ಕಷ್ಟಪಟ್ಟಂಗೆ ಕಾಣ್ತೈತೆ" ಎಂದರು. ಹೌದು ಎಂದೆ.

ಮಳೆಗಾಲ ಕಳೆದ ಮೇಲೆ, ಧೈರ್ಯ ಮಾಡಿ ನಿರ್ಮಲಾಳನ್ನು ಕೇಳಿದೆ. "ಮಣ್ಣಿನಾಗೆ ನಿನ್ನ ಮುಖ ಮಾಡ್ತೀನಿ. ಸಣ್ಣದು. ಮನೆಯೊಳಗೆ ಇಡಾಕೆ."

"ನಿಂತ್ಕಳಾಕೆ ನನ್ನ ಕೈಲಾಗಲ್ಲ."

"ನಿಲ್ಲಬೇಡ. ನೀನು ಹೊಲಿತಾ ಇರು, ನಾನು ನೋಡ್ತಾ ಇರ್ತೀನಿ."

"ನೋಡ್ರಿ ಹಂಗಾದ್ರೆ" ಎಂದಳು, ಸೂಜಿಗೆ ದಾರ ಪೋಣಿಸುತ್ತಾ.

ನೋಡಿದೆ. ಎಡ ಹುಬ್ಬಿನ ಕೊನೆಯಲ್ಲಿ ಸಣ್ಣದೊಂದು ಗಾಯದ ಗುರುತು ಕಂಡಿತು. ಗಾಬರಿಯಾಗಿ, "ಇದು ಯಾವಾಗ ಆಯ್ತು?" ಎಂದೆ.

"ನಮ್ಮ ಮದುವೆ ಫೋಟೋದಾಗೇ ಐತಲ್ರೀ" ಎಂದಳು.

ಎದ್ದು ಹೋಗಿ ಗೋಡೆಯ ಫೋಟೋ ನೋಡಿದೆ. ಇತ್ತು. ಬಂದು ಮತ್ತೆ ಮಣ್ಣು ಹಿಡಿದೆ. ಹಣೆ ಮಾಡಿದರೆ ನನ್ನ ಹಣೆಯಾಗುತ್ತದೆ. ಒರೆಸುತ್ತೇನೆ. ಮೂಗು ಮಾಡಿದರೆ ಮತ್ತೆ ಅದೇ ಸೋರೆಕಾಯಿ. ಒರೆಸುತ್ತೇನೆ. ಕೈಗೆ ನನ್ನ ಮುಖ ಅಷ್ಟು ಚೆನ್ನಾಗಿ ಬಾಯಿಪಾಠವಾಗಿದೆ. ಮಣ್ಣು ಒಣಗದ ಹಾಗೆ ಒದ್ದೆ ಬಟ್ಟೆ ಹೊದಿಸಿಡುತ್ತೇನೆ, ಬೆಳಿಗ್ಗೆ ಬಿಚ್ಚಿ ಮತ್ತೆ ಅವಳೆದುರು ಕೂರುತ್ತೇನೆ.

ಮೊನ್ನೆ ಅವಳು ಮಷಿನ್ ನಿಲ್ಲಿಸಿ ಎದ್ದು ಬಂದು ನೋಡಿದಳು. ಸುತ್ತ ಒಂದು ಸುತ್ತು ಬಂದಳು.

"ಈ ಕಿವಿ ಮಾತ್ರ ನಂದೇ ಕಣ್ರಿ" ಎಂದಳು.

ಇಪ್ಪತ್ತೆರಡು ಅಡಿಯ ಪ್ರತಿಮೆಗಳ ಶಿಲ್ಪಿ ನಾನು. ಸದ್ಯಕ್ಕೆ ಒಂದು ಕಿವಿ ಮಾಡಿದ್ದೇನೆ.